ಉಲನ್ ಲಡಿಗಿ ಮನ್ಯಾಗೇ ಬಣ್ಣ ಹಾಕೋದು: ಮೊದ್ಲು ಒಂದ್ ಎಳಿ ಸುಟ್ಟು ನೋಡ್ರಿ

ನಾ ಬಣ್ಣ ಹಾಕಿದ ಮೊದ್ಲನೇ ಲಡಿ (ಉದ್ದಕ ಸುತ್ತಿ ಸಡ್ಲ ಕಟ್ಟಿದ ದಾರದ ಕಟ್ಟು) ಸ್ವೆಟರ್ ಆಗ್ಲಿಲ್ಲ, ಸಿಂಬಿ ಆಯ್ತು. ಬಣ್ಣ ಏನೋ ಮಸ್ತ್ ಹತ್ತಿತ್ತು, ಕುಂಕುಮದಂಗ ಕೆಂಪಗ, ಖರೆ ನಾ ಏನ್ ಮಾಡ್ದೆ ಅಂದ್ರ ಕುದಿಯೋ ಬೋಗಾಣಿಯಿಂದ ಚಿಮಟಿಗಿಲಿಂದ ತೆಗ್ದು ಸೀದಾ ನಳದ ತೆಳಗ ಹಿಡ್ದೆ, ಅದೂ ಡಿಸೆಂಬರ್ ತಿಂಗಳ ತಣ್ಣನ್ ನೀರು, ಮ್ಯಾಲಿಂದ ಸೀರಿ ಹಿಂಡ್ದಂಗ ಎರಡೂ ಕೈಲೆ ತಿರುವಿ ಹಿಂಡ್ದೆ. ಒಣಗಿದ ಮ್ಯಾಲ ಎಳಿ ಬಿಡಿಸ್ಲಾಕ ಹೋದ್ರ ಒಂದೂ ಬಿಡ್ಲಿಲ್ಲ, ಎಲ್ಲಾ ಕೂಡಿ ಒಂದೇ ಹಗ್ಗ ಆಗಿತ್ತು. ನಮ್ಮತ್ತಿ ಒಂದು ಮಾತೂ ಆಡ್ಲಿಲ್ಲ, ಅದನ್ನ ಗುಂಡಗ ಸುತ್ತಿ ಅಡಗಿ ಮನ್ಯಾಗ ಕೊಡದ ತೆಳಗ ಇಟ್ರು, ಇವತ್ತಿಗೂ ಅಲ್ಲೇ ಅದ, ಕೊಡ ಅಲುಗಾಡಲ್ಲ ಅಂತ ಖುಷಿ ಬ್ಯಾರೆ.

ಅದಕ್ಕ ಹೇಳ್ತೀನಿ, ಉಲನ್‌ಗಿ ಬಣ್ಣ ಹತ್ತಿಸೋದು ಸಸಾರ ಅದ, ಬಣ್ಣ ಹತ್ತಿದ ಮ್ಯಾಲೂ ಅದು ಹೆಣಿಲಾಕ ಬರೋಹಂಗ ಉಳೀಬೇಕಲ್ಲ, ಅದೇ ಕೆಲಸ. (ಉಣ್ಣಿ ಅಂತ ಯಾಕ್ ಬರೀತಿಲ್ಲ ಅಂದ್ರ, ನಮ್ಮ ಕಡಿ ಉಣ್ಣಿ ಅಂದ್ರ ಎಮ್ಮಿ ಮೈಗಿ ಹತ್ತೋ ಹುಳಾ, ನಮ್ಮ ಮಾವಾರಿಗಿ "ಉಣ್ಣಿಗಿ ಬಣ್ಣ ಹಾಕ್ಲತ್ತೀನ್ರಿ" ಅಂದಿದ್ದಕ್ಕ ಅವ್ರು ನನ್ನ ಒಂಥರಾ ನೋಡಿದ್ರು. ಉಲನ್ ಅಂತೇ ಇಟ್ಕೊಳೋಣ.)

ಈಗ ಮುಖ್ಯ ಮಾತು. ಕಲಬುರಗ್ಯಾಗ ಅಂಗಡಿಗಿ ಹೋಗಿ ಉಲನ್ ದಾರ ಕೊಡ್ರಿ ಅಂದ್ರ ಕೊಡೋದು ಬಹಳಷ್ಟು ಸಲ ಅಕ್ರಿಲಿಕ್. ಅಂದ್ರ ಪ್ಲಾಸ್ಟಿಕ್ ಜಾತಿ. ಅದಕ್ಕ ನಾ ಇಲ್ಲಿ ಹೇಳೋ ಯಾವ ಬಣ್ಣಾನೂ ಹತ್ತಲ್ಲ, ನೀವು ದಿನಾ ಇಡೀ ಕುದ್ಸಿದ್ರೂ ನೀರು ಕೆಂಪಗೇ ಇರ್ತದ, ದಾರ ಬೆಳ್ಳಗೇ ಇರ್ತದ. ಅಂಗಡಿಯವ್ರು ಮೋಸ ಮಾಡ್ತಾರ ಅಂತಲ್ಲ, ಎಲ್ಲಾರೂ ಅದಕ್ಕೂ ಉಲನ್ ಅಂತೇ ಅಂತಾರ, ಅಷ್ಟೇ. ಅದಕ್ಕ ಒಂದು ಬೆರಳುದ್ದ ಎಳಿ ಕತ್ತರ್ಸಿ ಚಿಮಟಿಗ್ಯಾಗ ಹಿಡ್ದು ಸಿಂಕ್ ಮ್ಯಾಲ ಕಡ್ಡಿ ಗೀರಿ ಸುಟ್ಟು ನೋಡ್ರಿ. ಖರೇ ಉಲನ್ ಇದ್ರ ಕೂದ್ಲ ಸುಟ್ಟ ವಾಸನಿ ಬರ್ತದ, ಬೆಂಕಿ ದೂರ ಸರ್ಸಿದ ಕೂಡ್ಲೇ ತಾನೇ ಆರ್ತದ, ಉಳಿದ ಕರಿ ಬೂದಿ ಬೆರಳಾಗ ತಿಕ್ಕಿದ್ರ ಪುಡಿ ಪುಡಿ ಆಗ್ತದ. ಅಕ್ರಿಲಿಕ್ ಇದ್ರ ಕರಗಿ ಹೊಗಿ ಎದ್ದು ತುದಿಗಿ ಗಟ್ಟಿ ಮಣಿ ಕಟ್ತದ. ಆ ಮಣಿ ಬಿಸಿ ಇದ್ದಾಗ ಮುಟ್ಟಬ್ಯಾಡ್ರಿ, ಚರ್ಮಕ್ಕ ಅಂಟ್ಕೊಂಡ್ ಬಿಡ್ತದ. ಎರಡೂ ಕೂಡ್ಸಿದ ದಾರ ಇದ್ರ ವಾಸನಿನೂ ಬರ್ತದ ಮಣಿನೂ ಕಟ್ತದ, ಅಂಥಾದ್ದಕ್ಕ ಬಣ್ಣ ತೆಳ್ಳಗ ಚುಕ್ಕಿ ಚುಕ್ಕಿ ಹತ್ತತದ.

ನಾನು ಆನ್‌ಲೈನ್ ತರಿಸ್ತೀನಿ, ಲೇಬಲ್ ಮ್ಯಾಲ ನೂರಕ್ಕ ನೂರು ವುಲ್ ಅಂತ ಇದ್ದಿದ್ದು, ಬಿಳಿ ಇಲ್ಲಾ ಕೆನಿ ಬಣ್ಣದ್ದು. ಸೂಪರ್‌ವಾಶ್ (ಮಷಿನ್‌ನಾಗ ತೊಳದ್ರೂ ಸಿಂಬಿ ಆಗ್ದಂಗ ಮೊದ್ಲೇ ಹದ ಮಾಡಿದ್ದು) ಅಂತ ಬರ್ದಿದ್ರ ಹೊಸಬರಿಗಿ ಭಾಳ ಛಲೋ, ಅದು ಅಷ್ಟು ಜಲ್ದಿ ಗಂಟು ಕಟ್ಟಲ್ಲ, ಖರೆ ಬಣ್ಣ ಗಟಗಟ ಕುಡೀತದ, ಹಂಗಾಗಿ ಕಲಿ ಕಲಿ ಆಗ್ದಂಗ ನೋಡ್ಕೋಬೇಕು. ನಮ್ಮೂರ ಕುರಿ ತುಪ್ಪಟ ಯಾಕ್ ಬ್ಯಾಡ ಅಂತ ಕೇಳ್ತೀರಿ. ದಖನಿ ಕುರಿದು ಕರಿ ಇಲ್ಲಾ ಕಂದು, ಎಳಿ ದಪ್ಪ ಬಿರಸು, ಕಂಬಳಿಗಿ ಅದರಷ್ಟು ಛಲೋದು ಇನ್ನೊಂದಿಲ್ಲ, ಹುಣಸಿ ಬೀಜದ ಗಂಜಿ ಹಚ್ಚಿ ನೇಯ್ದ ಕಂಬಳಿ ಹೊತ್ಕೊಂಡ್ರ ಮಳಿನೂ ತಡೀತದ, ಖರೆ ಕೂಸಿನ ಕುಲಾಯಿಗಿ ಹಾಕಿದ್ರ ಕೂಸು ಅತ್ತು ಅತ್ತು ಕಿತ್ತಿ ಒಗೀತದ. ಮತ್ತ ಕರಿ ಮ್ಯಾಲ ಯಾವ ಬಣ್ಣ ಹತ್ತೀತು ಹೇಳ್ರಿ.

ಸಾಮಾನು ಏನ್ ಭಾಳ ಬೇಕಿಲ್ಲ. ಐದಾರು ಲೀಟರ್ ಹಿಡಿಯೋ ಸ್ಟೀಲ್ ಬೋಗಾಣಿ ಒಂದು, ಅದು ಬಣ್ಣಕ್ಕೇ ಮೀಸಲು, ಆಮ್ಯಾಲ ಅದರಾಗ ಸಾರು ಮಾಡೋದಿಲ್ಲ, ಚಮಚ ಚಿಮಟಿಗಿ ಸೈತ ಬ್ಯಾರೆ. ನಾ ಹಳೇ ಸಾಮಾನಿನ ಅಂಗಡಿಯಿಂದ ತಂದು ಹಿಡಿಕಿಗಿ ಕೆಂಪು ದಾರ ಕಟ್ಟಿನಿ, ಯಾರೂ ಮರ್ತು ಚಹಾ ಇಡಬಾರ್ದು ಅಂತ. ಅಲ್ಯುಮಿನಿಯಂ, ಕಬ್ಬಿಣ, ತಾಮ್ರ ಬ್ಯಾಡ, ಗಿಡಮೂಲಿ ಬಣ್ಣ ಅವುಕ್ಕ ತಾಗಿದ್ರ ಬದಲಾಗ್ತದ. ಗ್ರಾಂ ತೋರ್ಸೋ ಅಡಗಿ ತಕ್ಕಡಿ, ರಬ್ಬರ್ ಗ್ಲೌಸ್, ಪುಡಿ ಕಲಸೋವಾಗ ಮೂಗಿಗಿ ಮಾಸ್ಕ್. ಫ್ಯಾನ್ ಬಂದ್ ಮಾಡಿ ಪುಡಿ ತೆಗೀರಿ, ನಾ ಒಮ್ಮೆ ಫ್ಯಾನ್ ತೆಳಗ ನೀಲಿ ಡಬ್ಬಿ ಬಿಚ್ಚಿ ಎರಡು ದಿನ ನೆಲ ಒರಸಿನಿ, ಒರಸಿದಷ್ಟೂ ನೀಲಿ.

ನೀರಿನ ಮಾತು. ನಮ್ಮ ಕಡಿ ಬೋರ್ ನೀರು ಭಾಳ ಗಡಸು, ಬಕೀಟಿನ ತೆಳಗ ಬಿಳಿ ಪದರ ಕಟ್ತದಲ್ಲ ಅದೇ. ಆ ನೀರಾಗ ಸಬಕಾರ ಹಾಕಿದ್ರ ಜಿಗಟು ಆಗಿ ಎಳಿಗಿ ಅಂಟ್ಕೊಂಡು ಬಣ್ಣ ಹತ್ತೋದು ಹೆಚ್ಚು ಕಮ್ಮಿ ಆಗ್ತದ. ನಳದ ನೀರು ಬಂದ ದಿನ ಹಿಡ್ದಿಟ್ಕೋರಿ, ಇಲ್ಲಾ ಮಳಿ ನೀರು, ಇಲ್ಲಾ ಫಿಲ್ಟರ್ ನೀರು. ಫಿಲ್ಟರಿನ ವೇಸ್ಟ್ ಪೈಪಿನ ನೀರು ಬಕೀಟಿಗಿ ಹಿಡೀತೀವಲ್ಲ, ಅದನ್ನ ಮಾತ್ರ ಇದಕ್ಕ ಹಾಕಬ್ಯಾಡ್ರಿ, ಉಪ್ಪಿನಂಶ ಎಲ್ಲಾ ಅದರಾಗೇ ಕೂಡಿರ್ತದ.

ದಾರ ಉಂಡಿ ಇದ್ರ ಲಡಿ ಮಾಡ್ಕೋಬೇಕು. ಎರಡು ಕುರ್ಚಿ ಬೆನ್ನಿಗಿ ಬೆನ್ನು ಮಾಡಿ ಮೊಳ ದೂರ ಇಟ್ಟು ಸುತ್ರಿ, ಮನ್ಯಾಗ ಯಾರಾದ್ರೂ ಖಾಲಿ ಕೂತಿದ್ರ ಅವ್ರ ಎರಡು ಕೈ ಸೈತ ಆಗ್ತದ. ನಾಕು ಕಡಿ ಕಟ್ಟಬೇಕು, ಆದ್ರ ಸಡ್ಲ, ಇಂಗ್ಲಿಷ್ ಎಂಟರ ಆಕಾರದಾಗ ಎಳಿ ನಡು ಹಾಯ್ಸಿ ಕಟ್ರಿ. ಬಿಗಿ ಕಟ್ಟಿದ್ರ ಗಂಟಿನ ತೆಳಗ ಬಣ್ಣ ಹೋಗಲ್ಲ, ಬಿಳಿ ಮಚ್ಚಿ ಉಳೀತದ. ಕಟ್ಟಲಾಕ ಆ ಅಂಗಡಿ ಅಕ್ರಿಲಿಕ್ ದಾರಾನೇ ತಗೋರಿ, ಅದು ಬಣ್ಣ ಕುಡಿಯಲ್ಲ ಅಂದ್ನಲ್ಲ, ಹಂಗಾಗಿ ಬಣ್ಣದ ಲಡ್ಯಾಗ ಬೆಳ್ಳಗ ಎದ್ದು ಕಾಣ್ತದ, ಕತ್ತರ್ಸೋವಾಗ ತಪ್ಪಿ ಉಲನ್ ಕತ್ತರ್ಸೋದು ತಪ್ತದ.

ಆಮ್ಯಾಲ ನೆನಸೋದು. ಉಗುರು ಬೆಚ್ಚನ ನೀರಾಗ ಪಾತ್ರಿ ತಿಕ್ಕೋ ಲಿಕ್ವಿಡ್ ಎರಡು ಹನಿ ಹಾಕಿ ಲಡಿ ಬಿಡ್ರಿ, ಒತ್ತಬ್ಯಾಡ್ರಿ, ತಾನೇ ಮುಳುಗಬೇಕು. ಉಲನ್ ಎಳಿ ಮ್ಯಾಲ ಮೀನಿನ ಮೈಯಂಗ ಸಣ್ಣ ಸಣ್ಣ ಪೊರಿ ಇರ್ತಾವ, ಜಲ್ದಿ ಒದ್ದಿ ಆಗಲ್ಲ, ಕನಿಷ್ಠ ಅರ್ಧ ತಾಸು, ಒಂದು ತಾಸು ಬಿಟ್ರ ಇನ್ನೂ ಛಲೋ. ಅದೇ ಪೊರಿ ಬಿಸಿ ನೀರಾಗ ಎದ್ದು ನಿಲ್ತಾವ, ಆವಾಗ ತಿಕ್ಕಿದ್ರ ಒಂದಕ್ಕೊಂದು ಸಿಕ್ಕೊಂಡು ಸಿಂಬಿ ಆಗ್ತದ. ಮೇ ತಿಂಗಳಾಗ ನಮ್ಮ ಮ್ಯಾಲಿನ ಟ್ಯಾಂಕಿ ನೀರು ಮಧ್ಯಾಹ್ನ ಕೈ ಇಡ್ಲಾಕ ಬರಲ್ಲ ಅಷ್ಟು ಸುಡ್ತದ, ಅಂಥಾ ಸುಡೋ ನೀರು ಹಾಕಬ್ಯಾಡ್ರಿ, ಮುಂಜಾನಿದು ಹಿಡ್ದಿಟ್ಕೋರಿ.

ಯಾವ ಬಣ್ಣ? ಎರಡು ದಾರಿ ಅವ. ಒಂದು ಆಸಿಡ್ ಡೈ. ಹೆಸರು ಕೇಳಿ ಅಂಜಬ್ಯಾಡ್ರಿ, ಬಣ್ಣ ಆಸಿಡ್ ಅಲ್ಲ, ಅದು ಹತ್ತಲಾಕ ನೀರು ಹುಳಿ ಇರ್ಬೇಕು ಅಂತ ಆ ಹೆಸರು. ಉಲನ್ ನಮ್ಮ ಕೂದ್ಲದಂಗ ಪ್ರೋಟೀನ್, ಹುಳಿ ನೀರಾಗ ಅದಕ್ಕ ಪ್ಲಸ್ ಚಾರ್ಜ್ ಬರ್ತದ, ಬಣ್ಣಕ್ಕ ಮೈನಸ್ ಚಾರ್ಜ್ ಇರ್ತದ, ಎರಡೂ ಹಿಡ್ಕೋತಾವ, ಅಷ್ಟೇ ಕತಿ. ಕಿರಾಣಿ ಅಂಗಡ್ಯಾಗ ಸಿಗೋ ಬಟ್ಟಿ ಬಣ್ಣದ ಪುಡಿ ಬಹುತೇಕ ಹತ್ತಿ ಬಟ್ಟಿಗಿ ಇರೋದು, ಅದರ ಮ್ಯಾಲ ಭರೋಸಾ ಬ್ಯಾಡ. ಆಸಿಡ್ ಡೈ ಸಿಗ್ಲಿಲ್ಲಂದ್ರ ಜಿಲೇಬಿ ಬಣ್ಣ, ಖರೇನ ಹೇಳ್ತೀನಿ, ತಿನ್ನೋ ಬಣ್ಣದಾಗ ಇರೋ ಟಾರ್ಟ್ರಜೀನ್, ಸನ್‌ಸೆಟ್ ಯೆಲ್ಲೋ, ಕಾರ್ಮೊಯಿಸಿನ್, ಬ್ರಿಲಿಯಂಟ್ ಬ್ಲೂ ಇವೆಲ್ಲಾ ಉಲನ್ ಮ್ಯಾಲ ಆಸಿಡ್ ಡೈದಂಗೇ ಕೆಲಸ ಮಾಡ್ತಾವ. ಮಕ್ಕಳನ್ನ ಕೂಡ್ಸ್ಕೊಂಡು ಮಾಡೋದಿದ್ರ ಇದೇ ಛಲೋ. ಬಿಸಲಿಗಿ ಮಾತ್ರ ಜಲ್ದಿ ಮಂಕಾಗ್ತದ.

ಲೆಕ್ಕ ಹಿಂಗ ಅದ. ಒಣ ಲಡಿ 100 ಗ್ರಾಂ ಇದ್ರ ಆಸಿಡ್ ಡೈ 1 ಗ್ರಾಂ, ನಡುಮಧ್ಯದ ಬಣ್ಣ ಬರ್ತದ. ತೆಳು ಬೇಕಂದ್ರ ಅರ್ಧ ಗ್ರಾಂ, ಕಡು ಬೇಕಂದ್ರ 2 ಗ್ರಾಂ. ಅಡಗಿ ತಕ್ಕಡಿ ಅರ್ಧ ಗ್ರಾಂ ಸರಿ ತೋರ್ಸಲ್ಲ, ಅದಕ್ಕ 10 ಗ್ರಾಂ ಪುಡಿನ ಒಂದು ಲೀಟರ್ ಬಿಸಿ ನೀರಾಗ ಕಲಸಿ ಬಾಟ್ಲಿಗಿ ತುಂಬ್ರಿ, ಅದರಾಗಿಂದ 100 ಎಂಎಲ್ ಅಳದ್ರ 1 ಗ್ರಾಂ ಬಣ್ಣ, 50 ಎಂಎಲ್ ಅಂದ್ರ ಅರ್ಧ. ಬಾಟ್ಲಿ ಮ್ಯಾಲ ದೊಡ್ಡದಾಗಿ ಬಣ್ಣ ಅಂತ ಬರೀರಿ, ಕೆಂಪು ಬಾಟ್ಲಿ ನೋಡಿ ಶರಬತ್ತು ಅಂತ ಕುಡಿಯೋರು ನಮ್ಮ ಮನ್ಯಾಗೂ ಹಾರ, ನಿಮ್ಮ ಮನ್ಯಾಗೂ ಇರ್ತಾರ. ಜಿಲೇಬಿ ಬಣ್ಣಕ್ಕ ಈ ಲೆಕ್ಕ ಕೂಡಲ್ಲ, ಅದರಾಗ ಉಪ್ಪು ಗಿಪ್ಪು ಬೆರ್ಸಿರ್ತಾರ, ಅರ್ಧ ಚಮಚದಿಂದ ಸುರು ಮಾಡ್ರಿ. ಹುಳಿಗಿ ವಿನೆಗರ್ ಇದ್ರ ಸುಮಾರು 60 ಎಂಎಲ್, ಇಲ್ಲಾಂದ್ರ ನಿಂಬೂಸತ್, ಸಿಟ್ರಿಕ್ ಆಸಿಡ್ ಅಂತಾರಲ್ಲ, ಸಣ್ಣ ಚಮಚ ಒಂದು ಸಪಾಟ. ನಂಗ ನಿಂಬೂಸತ್ತೇ ಪಸಂದ, ಮನಿ ತುಂಬ ಗೋಬಿ ಮಂಚೂರಿ ಬಂಡಿ ವಾಸನಿ ಬರಲ್ಲ.

ಬೋಗಾಣ್ಯಾಗ ನಾಕು ಲೀಟರ್ ಬೆಚ್ಚನ ನೀರು, ಬಣ್ಣ ಹಾಕಿ ಕಲಸಿ, ಒದ್ದಿ ಲಡಿ ಮೆಲ್ಲಕ ಇಳಿಬಿಡ್ರಿ. ಹುಳಿ ಈಗ್ಲೇ ಹಾಕಬ್ಯಾಡ್ರಿ. ಹುಳಿ ಬಿದ್ದ ಕೂಡ್ಲೇ ಬಣ್ಣ ಓಡಿ ಹೋಗಿ ಮೊದ್ಲು ಸಿಕ್ಕ ಎಳಿಗಿ ಹತ್ತಿಬಿಡ್ತದ, ಒಳಗಿನ ಎಳಿ ಬೋಳು. ಒಂದೇ ಸಮ ಬಣ್ಣ ಬೇಕಂದ್ರ ಹತ್ತು ನಿಮಿಷ ಬಿಟ್ಟು ಲಡಿ ಎತ್ತಿ ಹಿಡ್ದು, ಹುಳಿನ ನೀರಾಗ ಕಲಸಿ, ಮತ್ತ ಇಳಿಬಿಡ್ರಿ. ಕಲಿ ಕಲಿ ಛಂದ ಅನಿಸ್ತದ ಅನ್ನೋರು ಮೊದ್ಲೇ ಹುಳಿ ಹಾಕ್ರಿ, ಅದೂ ಒಂದು ಸ್ಟೈಲೇ. ಗ್ಯಾಸ್ ಸಣ್ಣ ಉರಿ. ಬಿಸಿ ಏರ್ಲಾಕ ಅರ್ಧ ತಾಸು, ಮುಕ್ಕಾಲು ತಾಸು ಹಿಡೀಬೇಕು, ಅವಸರ ಇಲ್ಲೇ ಕೆಡಸ್ತದ. ಥರ್ಮಾಮೀಟರ್ ಇದ್ರ 85ರಿಂದ 90 ಡಿಗ್ರಿ, ಇಲ್ಲಾಂದ್ರ ಹಾಲು ಕಾಸೋವಾಗ ಅಂಚಿಗಿ ಸಣ್ಣ ಗುಳ್ಳಿ ಬರ್ತಾವಲ್ಲ, ಆ ಹದ. ಕೊತಕೊತ ಕುದೀಬಾರ್ದು. ಆ ಹದದಾಗ ಅರ್ಧ ತಾಸು ಇಡ್ರಿ, ನಡುನಡುವ ಚಿಮಟಿಗಿಲಿಂದ ಒಮ್ಮೆ ಎತ್ತಿ ಮಗ್ಗಲಾ ಬದಲ್ಸಿದ್ರ ಸಾಕು, ಸಾರಿನಂಗ ತಿರುವಬ್ಯಾಡ್ರಿ.

ಒಂದು ಸ್ಟೀಲ್ ಚಮಚದಾಗ ನೀರು ತೆಗ್ದು ನೋಡ್ರಿ. ಮೊದ್ಲು ಕೆಂಪಗಿದ್ದ ನೀರು ತೆಳ್ಳಗ ಆಗ್ತಾ ಆಗ್ತಾ ಕಡೀಕ ಚಮಚದ ತಳ ಸ್ವಚ್ಛ ಕಾಣ್ತದ, ಎಲ್ಲಾ ಬಣ್ಣ ದಾರದಾಗ ಹೋಗಿರ್ತದ. ನಾ ಇದನ್ನ ಎಷ್ಟು ಸಲ ಮಾಡಿನಿ, ಆದ್ರೂ ಪ್ರತಿ ಸಲ ನಮ್ಮ ಬಾಜೂಮನಿ ವೈನಿನ್ನ ಕರ್ದು ತೋರ್ಸ್ತೀನಿ. ನೀರಾಗ ಇನ್ನೂ ಬಣ್ಣ ಉಳಿದಿದ್ರ ಒಂಚೂರು ಹುಳಿ ಮತ್ತ ಹಾಕಿ ಹದಿನೈದು ನಿಮಿಷ ಇಡ್ರಿ. ಆಮ್ಯಾಲ ಗ್ಯಾಸ್ ಬಂದ್ ಮಾಡಿ ಮುಚ್ಚಿ, ಮಲ್ಕೊಳ್ಳಲಾಕ ಹೋಗ್ರಿ. ರಾತ್ರಿ ಇಡೀ ಅಲ್ಲೇ ಆರ್ಲಿ. ನಾ ರಾತ್ರಿ ಊಟ ಆದ ಮ್ಯಾಲೇ ಈ ಕೆಲಸ ಹಿಡಿಯೋದು, ಇಲ್ಲಾಂದ್ರ ನಡುವೇ ಬಿಚ್ಚಿ ನೋಡ್ಬೇಕು ಅನಿಸ್ತದ.

ಮುಂಜಾನಿ ಬೋಗಾಣಿ ನೀರು ಎಷ್ಟು ತಣ್ಣಗಿರ್ತದೋ ಅಷ್ಟೇ ತಣ್ಣನ ನೀರಾಗ ತೊಳೀರಿ. ಕೈಯಾಗ ಒತ್ತಿ ನೀರು ತೆಗ್ದು, ಟಾವೆಲ್‌ನಾಗ ಸುತ್ತಿ ಮ್ಯಾಲ ಕಾಲಿಟ್ಟು ತುಳದ್ರ ಆಯ್ತು. ಸೆಮಿ ಆಟೊಮ್ಯಾಟಿಕ್ ಮಷಿನ್ ಇದ್ರ ಜಾಳಿಗಿ ಚೀಲದಾಗ ಹಾಕಿ ಬರೇ ಹಿಂಡೋ ಡಬ್ಬ್ಯಾಗ ಒಂದು ನಿಮಿಷ ತಿರುಗಿಸ್ರಿ, ತೊಳಿಯೋ ಡಬ್ಬ್ಯಾಗ ಮಾತ್ರ ಹಾಕಿದ್ರೋ, ಇನ್ನೊಂದು ಸಿಂಬಿ. ನೆರಳಾಗ ಒಣ ಹಾಕ್ರಿ, ನಮ್ಮ ಬ್ಯಾಸಗ್ಯಾಗ ಎರಡು ತಾಸಿನಾಗ ಗರಿಗರಿ ಒಣಗ್ತದ. ಸೋಡಾ ಪುಡಿ, ಬ್ಲೀಚ್ ಎರಡೂ ಉಲನ್‌ಗಿ ವಿಷ, ಬ್ಲೀಚ್‌ನಾಗ ಬಿಟ್ರ ಎಳಿ ಕರಗೇ ಹೋಗ್ತದ.

ಹಸಿರು ಮಾಡೋವಾಗ ಒಂದು ತಮಾಷಿ ಆಗ್ತದ. ಹಸಿರು ಜಿಲೇಬಿ ಬಣ್ಣ ಅಂದ್ರ ಸಾಧಾರಣ ಹಳದಿ ನೀಲಿ ಕೂಡ್ಸಿದ್ದು. ಎರಡೂ ಒಂದೇ ವೇಗದಾಗ ಹತ್ತಲ್ಲ, ಹುಳಿ ಜಾಸ್ತಿ ಆಯ್ತೋ ಬಿಸಿ ಜಲ್ದಿ ಏರ್ತೋ, ಒಂದು ಕಡಿ ನೀಲಿ ಒಂದು ಕಡಿ ಹಳದಿ ನಡುವ ಹಸಿರು. ನನ್ನ ಒಂದು ಲಡಿ ಹಂಗೇ ಒಡೀತು, ನಾ ಕೆಟ್ಟಿತು ಅಂತ ಮೂಲ್ಯಾಗ ಒಗ್ದಿದ್ದೆ, ನನ್ನ ನಾದಿನಿ ನೋಡಿ ಇದೇ ಬೇಕು ಅಂತ ಬೀದರಿಗಿ ಒಯ್ದು ಮಫ್ಲರ್ ಹೆಣ್ಕೊಂಡ್ಲು. ಬೀದರ್ ಚಳಿಗಿ ಬಣ್ಣ ಯಾವುದಿದ್ರೇನ್ ಬಿಡ್ರಿ.

ಒಂದೇ ಲಡ್ಯಾಗ ನಾಕು ಬಣ್ಣ ಬೇಕಂದ್ರ ಹಳೇ ಇಡ್ಲಿ ಪಾತ್ರಿ ತೆಗೀರಿ (ಅದೂ ಆಮ್ಯಾಲ ಇಡ್ಲಿಗಿ ಇಲ್ಲ). ಲಡಿನ ಹುಳಿ ನೀರಾಗ ನೆನ್ಸಿ, ಒತ್ತಿ, ಪ್ಲಾಸ್ಟಿಕ್ ಹಾಳಿ ಮ್ಯಾಲ ಉದ್ದಕ ಹಾಸಿ, ಸೂಜಿ ಇಲ್ದ ಇಂಜೆಕ್ಷನ್ ಸಿರಿಂಜಿಲಿಂದ ಬಣ್ಣ ಬಿಡ್ರಿ. ತೆಳಗ ಬಣ್ಣದ ಹೊಂಡ ನಿಂತ್ರ ಜಾಸ್ತಿ ಆಯ್ತು ಅಂತ ಅರ್ಥ, ಬಟ್ಟಿಲಿಂದ ಒರಸ್ರಿ. ಅಡಗಿಗಿ ಬಳಸೋ ಕ್ಲಿಂಗ್ ಫಿಲ್ಮಿನಾಗ ಸುತ್ತಿ, ನೀರಿಗಿ ತಾಗ್ದಂಗ ಮ್ಯಾಲಿಟ್ಟು ಅರ್ಧ ತಾಸಿನ ಮ್ಯಾಲ ಹಬಿ ಕೊಡ್ರಿ, ಆರೋತನಕ ಬಿಚ್ಚಬ್ಯಾಡ್ರಿ. ಹಳದಿ ಬಾಜೂಕ ನೇರಳೆ ಇಟ್ರ ಕೂಡಿದಲ್ಲಿ ಕೆಸರು ಬಣ್ಣ ಆಗ್ತದ, ನಡುವ ಕೆಂಪು ಇಲ್ಲಾ ಕಿತ್ತಳಿ ಇಡ್ರಿ. ನಂಗ ಪಸಂದ ಆಗಿದ್ದು ತೊಗರಿ ಹೂವಿನ ಲಡಿ. ದಸರಾ ಆದ ಮ್ಯಾಲ ಹೊಲ ನೋಡಿರ್ತೀರಿ, ತೊಗರಿ ಹೂ ಬರೇ ಹಳದಿ ಅಲ್ಲ, ಎಸಳಿನ ಬೆನ್ನಿಗಿ ಕೆಂಪು ಗೀರು ಇರ್ತದ. ಮುಕ್ಕಾಲು ಲಡಿ ಹಳದಿ, ಅಲ್ಲಲ್ಲಿ ಬೆರಳಗಲ ಕೆಂಪು, ಒಂದು ತುದಿಗಿ ಎಲಿ ಹಸಿರು, ಹೆಣದ್ರ ಗೀರು ಗೀರು ಹಂಗೇ ಬೀಳ್ತದ.

ಇನ್ನೊಂದು ದಾರಿ ಗಿಡಮೂಲಿ. ಇದಕ್ಕ ಮೊದ್ಲು ಫಿಟ್ಕರಿ ಹಿಡಿಸ್ಬೇಕು, ಕಟಿಂಗ್ ಅಂಗಡ್ಯಾಗ ದಾಡಿ ಆದ ಮ್ಯಾಲ ಗಲ್ಲಕ್ಕ ತಿಕ್ತಾರಲ್ಲ ಆ ಬಿಳಿ ಕಲ್ಲು. ಕುಟ್ಟಿ ಪುಡಿ ಮಾಡಿ, 100 ಗ್ರಾಂ ಉಲನ್‌ಗಿ 10ರಿಂದ 12 ಗ್ರಾಂ, ಬಿಸಿ ನೀರಾಗ ಕರಗ್ಸಿ, ಅದೇ ಸಣ್ಣ ಉರ್ಯಾಗ ಲಡಿ ಹಾಕಿ ಒಂದು ತಾಸು. ಜಾಸ್ತಿ ಹಾಕಿದ್ರ ಜಾಸ್ತಿ ಹತ್ತತದ ಅಂತ ತಿಳ್ಕೋಬ್ಯಾಡ್ರಿ, ದಾರ ಜಿಗಟ ಆಗ್ತದ ಅಷ್ಟೇ. ಆಮ್ಯಾಲ ಉಳ್ಳಾಗಡ್ಡಿ ಸಿಪ್ಪಿ, ಒಣ ಸಿಪ್ಪಿ, ಲಡಿಯಷ್ಟೇ ತೂಕ ಇದ್ರ ಭರ್ತಿ ಬಣ್ಣ. 100 ಗ್ರಾಂ ಸಿಪ್ಪಿ ಅಂದ್ರ ಚೀಲ ತುಂಬ ಆಗ್ತದ, ನಾ ಖಾನಾವಳ್ಯಾಗ ಹೇಳಿಟ್ಟೀನಿ, ವಾರಕ್ಕೊಮ್ಮೆ ಇಟ್ಟಿರ್ತಾರ, ಏನ್ ಮಾಡ್ತೀರಿ ಅಕ್ಕಾರ ಅಂತ ಪ್ರತಿ ಸಲ ಕೇಳ್ತಾರ. ಒಂದು ತಾಸು ಕುದ್ಸಿ, ಸೋಸಿ, ಆರ್ಸಿ, ಲಡಿ ಬಿಟ್ಟು ಮತ್ತ ಮೆಲ್ಲಕ ಕಾಸ್ರಿ, ಬೆಲ್ಲದ ಪಾಕದಂಥ ಬಣ್ಣ. ಅದೇ ಲಡಿನ ಜಂಗು ಹಿಡ್ದ ಮೊಳಿ ನೆನ್ಸಿದ ನೀರು ಎರಡು ಚಮಚ ಹಾಕಿದ ನೀರಾಗ ಅದ್ದಿದ್ರ ಹಸಿರು ಕಂದು ಆಗ್ತದ, ಜಾಸ್ತಿ ಹೊತ್ತು ಬಿಡಬ್ಯಾಡ್ರಿ, ಕಬ್ಬಿಣ ಉಲನ್ ಬಿರಸು ಮಾಡ್ತದ. ದಸರಾ ದೀಪಾವಳಿ ಚಂಡು ಹೂವಿನ ತೋರಣ ಒಣಗಿದ್ದು ಒಗೀಬ್ಯಾಡ್ರಿ, ಹಳದಿ ಬರ್ತದ. ದಾಳಿಂಬಿ ಸಿಪ್ಪಿಗಿ ಮಸುಕು ಹಳದಿ, ಹೋಳಿ ಟೈಮಿಗಿ ಮುತ್ತಲ ಹೂ ಸಿಕ್ರ ಇನ್ನೂ ಮಸ್ತ್.

ಅರಶಿಣ ಎಲ್ಲಾರೂ ಮೊದ್ಲು ಮಾಡ್ತಾರ, ಯಾಕಂದ್ರ ಮನ್ಯಾಗ ಇರ್ತದ, ಫಿಟ್ಕರಿನೂ ಬೇಕಿಲ್ಲ. ಬಣ್ಣ ಕಣ್ಣು ಕುಕ್ತದ, ಖರೆ ಬಿಸಲು ತಿಂದುಬಿಡ್ತದ, ಮತ್ತ ಸಬಕಾರ ತಾಗಿದ್ರ ಕೆಂಪಗ ಆಗ್ತದ, ಲಿಂಬಿ ಹಿಂಡಿದ್ರ ತಿರುಗಿ ಹಳದಿ. ಮಕ್ಕಳಿಗಿ ತೋರ್ಸ್ಲಾಕ ಛಲೋ, ಸ್ವೆಟರ್‌ಗಿ ಅಲ್ಲ. ಬೀಟ್‌ರೂಟ್ ಸುದ್ದಿನೇ ಬ್ಯಾಡ, ಬೋಗಾಣ್ಯಾಗ ಗುಲಾಬಿ, ತೊಳದ ಮ್ಯಾಲ ಹಳೇ ಬನಿಯನ್ ಬಣ್ಣ.

ಏಪ್ರಿಲ್ ಮೇ ಆದ್ರ ಗ್ಯಾಸೂ ಬೇಕಿಲ್ಲ. ಉಪ್ಪಿನಕಾಯಿ ಗಾಜಿನ ಭರಣ್ಯಾಗ ಫಿಟ್ಕರಿ ಹಿಡಿಸಿದ ಲಡಿ, ಉಳ್ಳಾಗಡ್ಡಿ ಸಿಪ್ಪಿ, ನೀರು ತುಂಬಿ ಮುಚ್ಚಿ ಮಾಳಗಿ ಮ್ಯಾಲ ಇಟ್ಟುಬಿಡ್ರಿ, ಒಂದು ವಾರ. 42 ಡಿಗ್ರಿ ಬಿಸಲಿಗಿ ಬೈಯೋದು ಬಿಟ್ಟು ಕೆಲಸಕ್ಕ ಹಚ್ಚಿದಂಗ. ಸಿಪ್ಪಿ ತಾಗಿದಲ್ಲಿ ಕಡು, ತಾಗ್ಲಾರ್ದಲ್ಲಿ ತೆಳು, ಅಂಥಾ ಕಲಿ ಬೋಗಾಣ್ಯಾಗ ಬರೋದೇ ಇಲ್ಲ. ಮ್ಯಾಲ ಒಂದು ಹಳೇ ಬಟ್ಟಿ ಕಟ್ರಿ, ನಮ್ಮಲ್ಲಿ ಮಂಗ್ಯಾ ಬಂದು ಒಂದು ಭರಣಿ ಒಡ್ದು ಹೋಗ್ಯದ.

ಹೆಣಿಯೋವಾಗ ಒಂದು ಮಾತು ನೆನಪಿಡ್ರಿ, ಒಂದು ಸ್ವೆಟರ್‌ಗಿ ಬೇಕಾಗೋ ಲಡಿ ಎಲ್ಲಾ ಒಂದೇ ಸಲ ಹಾಕ್ರಿ, ಮುಂದಿನ ವಾರ ಅದೇ ಲೆಕ್ಕ ಹಾಕಿದ್ರೂ ಅದೇ ಬಣ್ಣ ಬರಲ್ಲ. ಒಂದೇ ಬೋಗಾಣ್ಯಾಗ ಹಿಡೀಲಿಲ್ಲಂದ್ರ ಎರಡು ಲಡಿ ಒಮ್ಮೆಗೇ ಹಿಡ್ಕೊಂಡು ಎರಡು ಸಾಲು ಇದು ಎರಡು ಸಾಲು ಅದು ಹೆಣೀರಿ, ಫರಕ್ ಗೊತ್ತಾಗಲ್ಲ. ನಾ ಒಂದು ಹಳೇ ಡೈರಿ ಇಟ್ಟೀನಿ, ಪ್ರತಿ ಲಡಿದು ಒಂದು ಗೇಣು ಎಳಿ ಹಾಳಿಗಿ ತೂತು ಮಾಡಿ ಕಟ್ಟಿ ಬಾಜೂಕ ತೂಕ, ಬಣ್ಣ, ಹುಳಿ, ಯಾವ ನೀರು ಎಲ್ಲಾ ಬರೀತೀನಿ, ನಡುವ ಒಣ ಬೇವಿನ ಎಲಿ ಇಟ್ಟೀನಿ, ಹುಳಾ ಹಿಡೀಬಾರ್ದಂತ. ಮೊದ್ಲನೇ ಹಾಳ್ಯಾಗ ಆ ಕೊಡದ ತೆಳಗಿನ ಸಿಂಬಿಯಿಂದ ಕತ್ರಿಲೆ ಕತ್ತರ್ಸಿದ ಒಂದು ಕೆಂಪು ತುಂಡು ಅದ, ಅದರ ಬಾಜೂಕ "ನಳದ ತಣ್ಣೀರು" ಅಂತ ಅಷ್ಟೇ ಬರ್ದೀನಿ.